ದ್ರಾಕ್ಷಾಯಣಮ್ಮನ ಒಳಲೆ

ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಹುಟ್ಟಿ ಬೆಳೆದವನೊಬ್ಬ ದ್ರಾಕ್ಷಾಯಣಮ್ಮನವರ ಒಳಲೆಯಿಂದ ಹಾಲು ಕುಡಿದಿಲ್ಲವೆಂದರೆ, ಅವನ ಹುಟ್ಟಿನ ಬಗೆಗೇ ಅನುಮಾನ ಪಡಬೇಕಾದ ಕಾಲವೊಂದಿತ್ತು. ನನ್ನ ಇಬ್ಬರು ಮಕ್ಕಳೂ ಕುಡಿದಿದ್ದಾರೆ. ಹಿರಿಯವನಿಗೆ ಲೆಕ್ಕ ಚೆನ್ನಾಗಿ ಬಂತು, ಕಿರಿಯವಳಿಗೆ ಬರಲಿಲ್ಲ. ಮೊದಲನೆಯದಕ್ಕೆ ಒಳಲೆಯೂ ಎರಡನೆಯದಕ್ಕೆ ನಾನೂ ಕಾರಣವೆಂದು ದ್ರಾಕ್ಷಾಯಣಮ್ಮನವರು ತೀರ್ಮಾನಿಸಿದ್ದರು. ನಮ್ಮೆರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆಯಾದ್ದರಿಂದ, ಆ ತೀರ್ಮಾನದ ವಿರುದ್ಧ ಮೇಲ್ಮನವಿ ಸಲ್ಲಿಸುವ ಧೈರ್ಯ ನಾನು ಮಾಡಲಿಲ್ಲ.

ಒಳಲೆಯೆಂದರೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಬೆಳ್ಳಿಯ ಪಾತ್ರೆ. ಶಂಖವನ್ನು ಉದ್ದಕ್ಕೆ ಸೀಳಿದಂತಹ ಆಕಾರ. ಮುಂದಕ್ಕೆ ಚಾಚಿದ, ಕೊಳವೆಯಂತಹ ಕಿರಿದಾದ ಮೂಗು. ಆ ಮೂಗನ್ನು ಎಳೆಗೂಸಿನ ತುಟಿಯ ಅಂಚಿಗಿಟ್ಟು ಬಾಗಿಸಿದರೆ ಹಾಲು ಹನಿಹನಿಯಾಗಿ ಇಳಿಯುತ್ತದೆ. ದ್ರಾಕ್ಷಾಯಣಮ್ಮನವರಿಗೆ ಅದು ಅತ್ತೆಯಿಂದ ಬಂದದ್ದು. ಅವರ ತವರು ಮೊಳಕಾಲ್ಮೂರು. ಅಲ್ಲಿಯ ರೇಷ್ಮೆಯ ತುಂಡಿನಿಂದ ಹೊಲಿದ ಕೆಂಪು ಚೀಲವೊಂದರಲ್ಲಿ ಅದು ಮಲಗಿರುತ್ತಿತ್ತು. ಯಾರ ಮನೆಯಲ್ಲಿ ಹೆರಿಗೆಯಾದರೂ ಒಳಲೆ ಹೋಗುತ್ತಿತ್ತು, ಆದರೆ ಒಂಟಿಯಾಗಿ ಅಲ್ಲ. ಮೊದಲ ಹಾಲು ಹಾಕಲು ಒಡತಿಯೂ ಜೊತೆಗೆ ಹೋಗಿ, ಬಾಣಂತಿಯ ಕೋಣೆಯ ಗಾಳಿ, ಬೆಳಕು, ಮತ್ತು ಬಾಣಂತಿಯ ಅತ್ತೆ, ಈ ಮೂರರ ಬಗ್ಗೆಯೂ ಅಭಿಪ್ರಾಯ ಹೇಳಿ ಬರುತ್ತಿದ್ದರು. ಎಣ್ಣೆ ವ್ಯಾಪಾರಿಯಾದ ಅವರ ಯಜಮಾನರು ಸೋಮಶೇಖರಪ್ಪನವರು ಮನೆಯ ಮಾತಿನ ವ್ಯವಹಾರವನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟು, ಎಣ್ಣೆಯ ವ್ಯವಹಾರವನ್ನು ಮಾತ್ರ ತಮ್ಮಲ್ಲಿ ಉಳಿಸಿಕೊಂಡಿದ್ದರು.

ಒಳಲೆಯ ಶುಚಿಯ ವಿಷಯದಲ್ಲಿ ದ್ರಾಕ್ಷಾಯಣಮ್ಮನವರು ಯಾರನ್ನೂ ನಂಬುತ್ತಿರಲಿಲ್ಲ. ಎರವಲು ಹೋಗಿ ಬಂದ ಕೂಡಲೇ ಹುಣಸೆಹಣ್ಣು, ಸೋಸಿದ ಬೂದಿ ಹಚ್ಚಿ ತಿಕ್ಕಿ, ತಣ್ಣೀರಿನಲ್ಲಿ ಜಾಲಾಡಿಸಿ, ಮೂಗಿನೊಳಗೆ ಬಾಯಿಂದ ಒಮ್ಮೆ ಊದಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಬೆಳ್ಳಿಯಲ್ಲಿ ತಮ್ಮ ಮುಖ ಕಂಡರೆ ಶುಚಿಯಾಯಿತೆಂದು ಅರ್ಥ. ಅದನ್ನು ಬಿಸಿನೀರಿಗೆ ಮಾತ್ರ ಹಾಕಕೂಡದು.

"ನಮ್ಮತ್ತೆ ಸಾಯೋ ಮುಂಚೆ ಕೈ ಹಿಡ್ಕೊಂಡು ಹೇಳ್ಯಾರೆ," ಎನ್ನುತ್ತಿದ್ದರು. "ಬೆಂಕಿ ತೋರಿಸಬ್ಯಾಡ, ಕಾಯ್ಸಿದ ನೀರು ಮುಟ್ಟಿಸಬ್ಯಾಡ. ಒಳಲೇದು ಗುಣ ಹೋಗ್ತದೆ ಅಂತ."

ಸಾಯುವ ಅತ್ತೆ ಸೊಸೆಯ ಕೈ ಹಿಡಿದು ಬೇರೇನೂ ಹೇಳದೆ ಇದನ್ನೇ ಹೇಳಿದ್ದರಿಂದ ಅದು ಮನೆತನದ ಶಾಸನವಾಯಿತು. ಬೀದಿಯವರೂ ಪಾಲಿಸಿದರು. ನಾನು ಬಿ.ಎಸ್ಸಿ. ಓದಿದವಳು, ನಾನೂ ಪಾಲಿಸಿದೆ. ಮಕ್ಕಳು ದುಂಡಗೆ ಬೆಳೆಯುತ್ತಿರುವಾಗ ಶಾಸನವನ್ನು ಪ್ರಶ್ನಿಸುವವರು ಯಾರು?

ತೊಂಬತ್ತೆಂಟರ ಬೇಸಿಗೆಯಲ್ಲಿ ದ್ರಾಕ್ಷಾಯಣಮ್ಮನವರ ಒಬ್ಬಳೇ ಮಗಳು ಗಂಗಾಂಬಿಕಾ ಹೆರಿಗೆಗೆಂದು ಬಂದಳು. ಅವಳನ್ನು ಮೊಳಕಾಲ್ಮೂರಿನ ರೇಷ್ಮೆ ಸೀರೆಯ ವ್ಯಾಪಾರಿ ಓಂಕಾರಮೂರ್ತಿಗೆ ಕೊಟ್ಟಿತ್ತು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ನಿಂತ ಬಸುರು. ಊರಿಗೆಲ್ಲ ಹಾಲು ಹಾಕಿದ ಒಳಲೆ ಸ್ವಂತ ಮೊಮ್ಮಗುವಿಗಾಗಿ ಕಾಯುತ್ತಿದೆಯೆಂದು ದ್ರಾಕ್ಷಾಯಣಮ್ಮನವರು ಅದನ್ನು ದಿನವೂ ತಿಕ್ಕುತ್ತಿದ್ದರು. ಮಗು ಅಷ್ಟು ಕಾಯಲಿಲ್ಲ. ಎಂಟನೆಯ ತಿಂಗಳಲ್ಲೇ ಹುಟ್ಟಿ, ನೇರವಾಗಿ ದಾವಣಗೆರೆಯ ಆಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಗೆ ಹೋಯಿತು. ಮೂರ್ನಾಲ್ಕು ವಾರಗಳ ಮೇಲೆ ಮನೆಗೆ ಬಂದಾಗ, ಹತ್ತಿಯಲ್ಲಿ ಸುತ್ತಿದ ಹೆಣ್ಣುಕೂಸು ಎರಡು ಕಿಲೋ ತೂಗುತ್ತಿರಲಿಲ್ಲ. ಮೊಲೆ ಚೀಪುವ ಶಕ್ತಿಯಿಲ್ಲ. ತಾಯಿಯ ಹಾಲನ್ನು ಹಿಂಡಿ ಕುಡಿಸಬೇಕು.

"ಇದಕ್ಕೇ ಅಲ್ವೇನೆ ದೇವರು ನನಗೆ ಒಳಲೆ ಕೊಟ್ಟಿರೋದು," ಎಂದರು ದ್ರಾಕ್ಷಾಯಣಮ್ಮ ಮಗಳಿಗೆ.

ಕೆಲವೇ ದಿನಗಳಲ್ಲಿ ಕೂಸು ಅಳುವುದನ್ನು ನಿಲ್ಲಿಸಿತು. ಜ್ವರವೂ ಇಲ್ಲ, ಮೈ ತಣ್ಣಗೆ, ಕೈಕಾಲು ಜೋತುಬಿದ್ದವು. ಜೀಪು ಮಾಡಿಕೊಂಡು ದಾವಣಗೆರೆಗೆ ಓಡಿದರು. ಆಸ್ಪತ್ರೆಯ ಇಂಗ್ಲಿಷ್ ಚೀಟಿಗಳನ್ನು ಓದುವವರು ಒಬ್ಬರು ಬೇಕೆಂದು ನನ್ನನ್ನೂ ಹತ್ತಿಸಿಕೊಂಡರು.

ಮಕ್ಕಳ ಡಾಕ್ಟರು ಶಿವರಂಜನಿ, ಮೂವತ್ತೈದು ದಾಟದ ಹೆಣ್ಣುಮಗಳು. ಅವಸರದಲ್ಲೂ ದನಿ ಏರಿಸದವರು. ರಕ್ತದ ಪರೀಕ್ಷೆಯ ಫಲ ಬಂದ ಮೇಲೆ ನಮ್ಮನ್ನು ಕೂರಿಸಿ ಹೇಳಿದರು.

"ಮಗುವಿನ ರಕ್ತದಲ್ಲಿ ಒಂದು ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಸೆರೇಷಿಯಾ ಅಂತ. ಮಕ್ಕಳಲ್ಲಿ ಅಪರೂಪ. ಒದ್ದೆ ಜಾಗದಲ್ಲಿ ಇರುತ್ತೆ: ಬಚ್ಚಲು, ನಲ್ಲಿ, ಸೋಪಿನ ಡಬ್ಬಿ. ನಿಮಗೆ, ನನಗೆ ಏನೂ ಮಾಡಲ್ಲ. ಇಂಥ ಬಲವಿಲ್ಲದ ಮಗು ಸಿಕ್ಕರೆ ಮಾತ್ರ ಒಳಗೆ ನುಗ್ಗುತ್ತೆ."

ದ್ರಾಕ್ಷಾಯಣಮ್ಮನವರು ಸ್ವಲ್ಪ ಯೋಚಿಸಿದರು. "ಅಂದ್ರೆ, ಗಟ್ಟಿ ಇದ್ದೋರ ತಂಟೆಗೆ ಹೋಗಲ್ಲ. ಕೈಲಾಗದೋರ್ನ ನೋಡಿ ಹಿಡೀತದೆ."

"ಹೌದಮ್ಮ. ಸಮಯಸಾಧಕ."

"ನಮ್ಮೂರ ಪುಢಾರಿ ಇದ್ದಂಗೆ."

ಡಾಕ್ಟರು ನಕ್ಕರು, ಗಂಗಾಂಬಿಕಾ ನಗಲಿಲ್ಲ. ಇಂಥ ಸೋಂಕಿನಲ್ಲಿ ಎಳೆಗೂಸುಗಳು ಉಳಿಯದಿರುವುದೂ ಉಂಟೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಕೂಸಿಗೆ ಸೂಜಿಮದ್ದು ನಡೆಯುತ್ತಿದ್ದ ದಿನಗಳಲ್ಲಿ ದ್ರಾಕ್ಷಾಯಣಮ್ಮನವರು ಆಸ್ಪತ್ರೆಯ ತನಿಖೆಯನ್ನು ಕೈಗೆತ್ತಿಕೊಂಡರು. ನೆಲ ಒರೆಸುವ ಬಟ್ಟೆಯನ್ನು ಮೂಸಿ ನೋಡಿದರು. ಆಯಾಳ ಕೈ ತಿರುವಿ ಉಗುರು ನೋಡಿದರು. ತೊಟ್ಟಿಲನ್ನು ತಾವೇ ತಂದ ಮಡಿಬಟ್ಟೆಯಿಂದ ಒರೆಸಿದರು. "ನಿಮ್ಮ ಬಚ್ಚಲದಾಗಿಂದ್ಲೇ ಬಂದಿರೋದು ಡಾಕ್ಟ್ರೇ," ಎಂದು ಎದುರಿಗೇ ಹೇಳಿದರು.

"ಇರಬಹುದು," ಎಂದರು ಶಿವರಂಜನಿ. ಹೇಳಿ ಸುಮ್ಮನಿರದೆ ವಾರ್ಡಿನ ನಲ್ಲಿ, ಸೋಪು, ಬೋಗುಣಿಗಳನ್ನೆಲ್ಲ ಪರೀಕ್ಷೆಗೆ ಕಳಿಸಿದರು. ಏನೂ ಸಿಗಲಿಲ್ಲ. ದ್ರಾಕ್ಷಾಯಣಮ್ಮನವರಿಗೆ ಅದರಿಂದ ಸಮಾಧಾನವಾಗಲಿಲ್ಲ. ಸಿಗದಂತೆ ಬಚ್ಚಿಟ್ಟಿದ್ದಾರೆಂದು ನನ್ನ ಕಿವಿಯಲ್ಲಿ ಹೇಳಿದರು.

ಕೂಸು ಚೇತರಿಸಿಕೊಂಡಿತು. ಮನೆಗೆ ಬಂತು. ಒಳಲೆಯಿಂದ ಹಾಲು ಕುಡಿಯಿತು. ಮತ್ತೆ ತಣ್ಣಗಾಯಿತು.

ಎರಡನೆಯ ಸಲ ಜೀಪು ದಾವಣಗೆರೆ ತಲುಪುವ ಹೊತ್ತಿಗೆ ಮೊಳಕಾಲ್ಮೂರಿನಿಂದ ಬೀಗಿತಿ ಬಸವಲಿಂಗಮ್ಮನವರೂ ಬಂದು ವಾರ್ಡಿನ ಬಾಗಿಲಲ್ಲಿ ಕುಳಿತಿದ್ದರು. ಓಂಕಾರಮೂರ್ತಿಯ ತಾಯಿ, ರೇಷ್ಮೆಯ ಬಣ್ಣವನ್ನು ಬೆರಳಲ್ಲಿ ಉಜ್ಜಿ, ಅದನ್ನು ನೇಯ್ದವರು ಯಾರೆಂದು ಹೇಳಬಲ್ಲ ಹೆಂಗಸು. ಆಂಧ್ರದ ಅಂಚಿನವರಾದ್ದರಿಂದ ಮಾತು ತೆಲುಗಿನಲ್ಲಿ ಬಾಗಿಲು ತೆರೆದು ಕನ್ನಡದಲ್ಲಿ ಒಳಗೆ ಬರುತ್ತಿತ್ತು.

"ಏಂ ವದಿನಾ," ಎಂದರು, ಏನು ಅತ್ತಿಗೆ ಎಂಬ ಅರ್ಥದಲ್ಲಿ. "ಹೋದ ಸಲ ಆಸ್ಪತ್ರೇದು ತಪ್ಪು ಅಂದ್ರಂತೆ. ಈ ಸಲ ಮಗು ನಿಮ್ಮನೆಯಿಂದ ಬಂದೈತೆ. ಈಗ ಯಾರ್ದು ಅಂತೀರಿ?"

"ನಿಮ್ಮ ಮಗಂದು. ಬಸ್ಸಿಳಿದೋನು ಕೈ ತೊಳೀದಂಗೆ ಕೂಸು ಎತ್ಕೊಂಡ."

"ನನ್ನ ಮಗ ಸೀರೆ ಮುಟ್ಟಿದ ಕೈಲಿ ಎತ್ಕೊಂಡಿರ್ತಾನೆ. ರೇಷ್ಮೆ ಮಡಿ. ನಿಮ್ಮನೆ ಎಣ್ಣೆ ಡಬ್ಬ ಅಲ್ಲ."

"ಎಣ್ಣೇಲಿ ಹುಳ ಹುಟ್ಟಲ್ಲ ಬೀಗರೆ. ರೇಷ್ಮೆ ಹುಟ್ಟೋದೇ ಹುಳದಾಗೆ."

ಬಸವಲಿಂಗಮ್ಮನವರು ಎಲೆಗೆ ಸುಣ್ಣ ಹಚ್ಚುತ್ತ ಇದಕ್ಕೆ ಉತ್ತರ ಹುಡುಕುತ್ತಿರುವಾಗ ಡಾಕ್ಟರು ಕರೆದರು.

ಅದೇ ಬ್ಯಾಕ್ಟೀರಿಯಾ ಮರಳಿ ಬಂದಿದೆ, ಎಂದರು ಶಿವರಂಜನಿ. ಮಗು ಮನೆಯಲ್ಲಿ ಏನನ್ನು ಮುಟ್ಟುತ್ತದೆ, ಮಗುವನ್ನು ಏನು ಮುಟ್ಟುತ್ತದೆ, ಒಂದನ್ನೂ ಬಿಡದೆ ಹೇಳಿ. ಇದು ಪದೇಪದೇ ಬಂದರೆ ಇಷ್ಟು ಸಣ್ಣ ಜೀವ ತಾಳಲಾರದು.

ನಾವು ಹೇಳಿದೆವು. ಸ್ನಾನದ ನೀರು, ಹರಳೆಣ್ಣೆ, ಕಾಡಿಗೆ, ಬಜೆ ತೇಯುವ ಕಲ್ಲು, ಸಾಂಬ್ರಾಣಿ, ಹೊದಿಸುವ ಹಳೆಯ ಸೀರೆ.

"ಹಾಲು?"

"ಅವ್ವನ ಹಾಲೇ."

"ಕುಡಿಸುವವರು?"

"ನಾನೇ," ಎಂದರು ದ್ರಾಕ್ಷಾಯಣಮ್ಮ. "ಬೇರೆ ಯಾರೂ ಮುಟ್ಟಲ್ಲ."

ನಾಲ್ಕು ಹೆಂಗಸರಿದ್ದೆವು. ಯಾರ ಬಾಯಲ್ಲೂ ಒಳಲೆಯ ಹೆಸರು ಬರಲಿಲ್ಲ. ಮುಚ್ಚಿಟ್ಟೆವೆಂದಲ್ಲ. ದೇವರ ಮನೆಯ ಗಂಟೆಯನ್ನು ಯಾರೂ ಅಡುಗೆಮನೆಯ ಪಾತ್ರೆಗಳ ಸಾಲಿಗೆ ಸೇರಿಸುವುದಿಲ್ಲವಲ್ಲ. ಒಳಲೆ ನಮ್ಮ ಕಣ್ಣಿಗೆ ವಸ್ತುವಾಗಿರಲಿಲ್ಲ. ದ್ರಾಕ್ಷಾಯಣಮ್ಮನವರ ಕೈಯ ಆರನೆಯ ಬೆರಳಾಗಿತ್ತು. ಡಾಕ್ಟರು ಬಜೆಯ ಕಲ್ಲನ್ನೂ ಹರಳೆಣ್ಣೆಯನ್ನೂ ತರಿಸಿಕೊಂಡರು. ಅವುಗಳಲ್ಲೂ ಏನೂ ಸಿಗಲಿಲ್ಲ.

ಹೀಗೆ ಕೆಲವು ದಿನ ಕಳೆದು, ಕೂಸಿಗೆ ಮತ್ತೆ ಹಾಲು ಶುರುಮಾಡಬಹುದೆಂದು ಹೇಳಿದರು. ನರ್ಸು ಕುದಿಸಿದ ಬಟ್ಟಲು, ಚಮಚ ತಂದಳು. ಮೊದಲ ಚಮಚದಲ್ಲಿ ಅರ್ಧ ಹಾಲು ಕೂಸಿನ ಗದ್ದದ ಮೇಲೆ ಹರಿಯಿತು. ದ್ರಾಕ್ಷಾಯಣಮ್ಮನವರು ಅಷ್ಟನ್ನು ನೋಡಿ ಸಹಿಸಿದ್ದೇ ಹೆಚ್ಚು.

"ತಗಿಯವ್ವ ಅದನ್ನ," ಎಂದರು. "ಸಾರು ಬಡಿಸೋ ಹಂಗೆ ಹಾಕ್ತೀಯಲ್ಲ." ಸೊಂಟದಿಂದ ಕೆಂಪು ರೇಷ್ಮೆಯ ಚೀಲ ಹೊರಬಂತು. ಚೀಲದಿಂದ ಒಳಲೆ ಹೊರಬಂತು. ಅದೇ ಹೊತ್ತಿಗೆ ಡಾಕ್ಟರೂ ವಾರ್ಡಿನೊಳಗೆ ಬಂದರು.

ಶಿವರಂಜನಿ ತೊಟ್ಟಿಲ ಬಳಿ ನಿಂತರು. ಕಿಟಕಿಯ ಬೆಳಕಿಗೆ ಒಳಲೆ ಕನ್ನಡಿಯಂತೆ ಹೊಳೆಯುತ್ತಿತ್ತು.

"ಬಹಳ ಚೆನ್ನಾಗಿದೆಯಮ್ಮ. ಇದರಲ್ಲೇ ಕುಡಿಸ್ತೀರಾ ಮನೆಯಲ್ಲಿ?"

"ಇನ್ಯಾತರಾಗೆ?"

"ನನಗೆ ಸ್ವಲ್ಪ ಕೊಡ್ತೀರಾ?"

ದ್ರಾಕ್ಷಾಯಣಮ್ಮನವರ ಮುಖ ಅರಳಿತು. ಇಷ್ಟು ಓದಿದ ಹೆಣ್ಣುಮಗಳಿಗೆ ಕಡೆಗಾದರೂ ಬುದ್ಧಿ ಬಂತಲ್ಲ ಎಂಬ ವಾತ್ಸಲ್ಯ ಅದರಲ್ಲಿತ್ತು. "ತಗೋ ಕಣವ್ವ. ಎಷ್ಟು ಕೂಸವೆ ನಿಮ್ಮ ವಾರ್ಡಿನಾಗೆ? ಎಲ್ಲಕ್ಕೂ ಹಾಕು. ಬಿಸಿನೀರಿಗೆ ಮಾತ್ರ ಹಾಕಬ್ಯಾಡ."

"ಯಾಕೆ?"

"ಗುಣ ಹೋಗ್ತದೆ."

"ಹಾಕಲ್ಲ," ಎಂದರು ಡಾಕ್ಟರು, ಬಹಳ ಗಂಭೀರವಾಗಿ. ಅಂದು ಕೂಸು ಚಮಚದಲ್ಲೇ ಕುಡಿಯಿತು. ಡಾಕ್ಟರೇ ಕೇಳಿ ಒಳಲೆ ಇಸಿದುಕೊಂಡ ಸುದ್ದಿ ಆ ಸಂಜೆಯೊಳಗೆ ಇಡೀ ಆಸ್ಪತ್ರೆಯ ಮೊಗಸಾಲೆಗೆ ತಿಳಿಯಿತು. ಹೊನ್ನಾಳಿಯ ಕಡೆಯ ಬಾಣಂತಿಯೊಬ್ಬಳು ತನ್ನ ಕೂಸಿಗೂ ಪಾಳಿ ಹಚ್ಚಿ ಹೋದಳು.

ಮೂರನೆಯ ದಿನ ಡಾಕ್ಟರು ನಮ್ಮನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಮುಚ್ಚಳವಿದ್ದ ಚಿಕ್ಕ ಗಾಜಿನ ತಟ್ಟೆ. ಒಳಗೆ, ಹಳದಿ ಅಂಟಿನ ಮೇಲೆ, ಕೆಂಪು ಚುಕ್ಕಿಗಳು. ಒಂದೊಂದೂ ಸಾಸಿವೆಯಷ್ಟು, ನುಣುಪಾಗಿ, ಹೊಳೆಯುತ್ತ.

ಬಸವಲಿಂಗಮ್ಮನವರು ಕನ್ನಡಕ ಏರಿಸಿ ಬಗ್ಗಿದರು. "ಎಂಥ ಬಣ್ಣ ವದಿನಾ," ಎಂದರು ಮೆಲ್ಲಗೆ, ವ್ಯಾಪಾರದ ದನಿಯಲ್ಲಿ. "ಈ ಕೆಂಪು ನಮ್ಮ ಬಣ್ಣದೋರಿಗೆ ಹಿಡಿದಿಲ್ಲ. ಸೆರಗಿಗೆ ಹಾಕಿದ್ರೆ..."

"ಅದು ಬ್ಯಾಕ್ಟೀರಿಯಾ ಅಮ್ಮ," ಎಂದರು ಡಾಕ್ಟರು. "ಸೆರೇಷಿಯಾ. ಮಗುವಿನ ರಕ್ತದಲ್ಲಿ ಇದ್ದದ್ದೇ. ಇದು ಬೆಳೆದದ್ದು ಒಳಲೆಯ ಮೂಗಿನಿಂದ ತೆಗೆದ ಕೊಳೆಯಲ್ಲಿ."

ಬಸವಲಿಂಗಮ್ಮನವರು ಕನ್ನಡಕ ಇಳಿಸಿದರು. ಗಂಗಾಂಬಿಕಾ ತಾಯಿಯ ಕಡೆ ನೋಡಲಿಲ್ಲ. ಅದು ನೋಡಿದ್ದಕ್ಕಿಂತ ಹೆಚ್ಚಾಗಿತ್ತು.

ಹೊರಗೆ ಎಷ್ಟು ತಿಕ್ಕಿದರೂ ಮೂಗಿನ ಒಳಗೆ ಬೆರಳು ಹೋಗುವುದಿಲ್ಲ. ಅಲ್ಲಿ ಒಂದು ಕೀಲಿನ ಸಂದಿಯಲ್ಲಿ ಹಾಲಿನ ಜಿಡ್ಡು ಪದರಪದರವಾಗಿ ಕೂತಿದೆ. ಅದು ಕುದಿಯುವ ನೀರು ಕಂಡೇ ಇಲ್ಲ: ಡಾಕ್ಟರು ಇದನ್ನೆಲ್ಲ ತಪ್ಪು ಹೊರಿಸುವ ದನಿಯಿಲ್ಲದೆ ಹೇಳಿ ಮುಗಿಸಿದರು. ದ್ರಾಕ್ಷಾಯಣಮ್ಮನವರು ಆ ತಟ್ಟೆಯನ್ನೇ ನೋಡುತ್ತಿದ್ದರು.

"ಕೂಸು ಉಳೀತದಾ?" ಎಂದು ಕೇಳಿದರು.

"ಉಳಿಯುತ್ತೆ. ಮದ್ದು ಕೆಲಸ ಮಾಡ್ತಿದೆ. ಇನ್ನು ಇದರಲ್ಲಿ ಕುಡಿಸದಿದ್ದರೆ ಆಯ್ತು."

"ಕುಡಿಸಲ್ಲ," ಎಂದರು. "ಇಷ್ಟು ವರ್ಷ ಊರ ಕೂಸಿಗೆಲ್ಲ ಹಾಕೀನಿ."

"ಅವು ತಿಂಗಳು ತುಂಬಿದ ಮಕ್ಕಳು. ಅವಕ್ಕೆ ಇದು ಏನೂ ಮಾಡಿರಲಾರದು."

ಬೀಗಿತಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಜನ್ಮದಲ್ಲಿ ಸಿಗುವುದಿಲ್ಲ. ನಾವೆಲ್ಲ ಕಾದೆವು. ಬಸವಲಿಂಗಮ್ಮನವರು ತಮ್ಮ ಸಂಚಿ ಬಿಚ್ಚಿದರು. ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಕೆ ಇಟ್ಟು ಮಡಚಿ, ದ್ರಾಕ್ಷಾಯಣಮ್ಮನವರ ಕೈಗೆ ಕೊಟ್ಟರು.

ಕೂಸು ಉಳಿಯಿತು. ಬಟ್ಟಲು, ಚಮಚದಲ್ಲಿ ಕುಡಿಯಿತು, ಗದ್ದದ ಮೇಲೆ ಸಾಕಷ್ಟು ಚೆಲ್ಲಿತು, ತೂಕ ಹೆಚ್ಚಿಸಿಕೊಂಡು ಮನೆಗೆ ಬಂತು. ಈ ಸಲ ಮೈ ಬೆಚ್ಚಗೇ ಉಳಿಯಿತು. ರಾತ್ರಿಯೆಲ್ಲ ಅತ್ತು ನಮ್ಮ ಮನೆಯವರನ್ನೂ ಎಬ್ಬಿಸಿದಾಗ ಯಾರೂ ದೂರಲಿಲ್ಲ.

ಒಂದು ದಿನ ದ್ರಾಕ್ಷಾಯಣಮ್ಮನವರು ಒಳಲೆಯನ್ನು ಸಂತೆಪೇಟೆಯ ಅಕ್ಕಸಾಲಿ ಕಾಳಾಚಾರಿಯ ಬಳಿ ಒಯ್ದರು, ನಾನೂ ಜೊತೆಯಲ್ಲಿದ್ದೆ. ಕಾಳಾಚಾರಿ ಮೂಗಿನ ಬುಡವನ್ನು ಕಂಬಿಯಿಂದ ಕೆದಕಿದ. ಕಪ್ಪುಗೆಂಪು ಚಕ್ಕೆಯೊಂದು ಉದುರಿತು.

"ಇದು ಅರಗು ಕಣವ್ವ," ಎಂದ. "ನಮ್ಮಪ್ಪ ಹಚ್ಚಿದ್ದು. ಇದರ ಮೂಗು ಒಂದ್ಸಲ ಮುರಿದಿತ್ತಲ್ಲ, ನಿಮ್ಮತ್ತೆ ತಂದಿದ್ರು. ಬೆಳ್ಳಿ ಬೆಸುಗೆ ಹಾಕಿದ್ರೆ ಕೂಲಿ ಜಾಸ್ತಿ ಅಂತ ಅರಗಿನಾಗೆ ಕೂರಿಸಿಕೊಟ್ರಂತೆ. ಬಿಸಿನೀರಿಗೆ ಹಾಕಬ್ಯಾಡ್ರಿ, ಮೂಗು ಉದುರ್ತದೆ ಅಂತ ಹೇಳಿ ಕಳ್ಸಿದ್ದನ್ನ ನೆನೆಸ್ಕೊಂಡು ಅಪ್ಪ ಯಾವಾಗ್ಲೂ ನಗಾಡೋರು."

ದ್ರಾಕ್ಷಾಯಣಮ್ಮನವರು ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಮೂವತ್ತು ವರ್ಷ," ಎಂದರು ನನಗೆ. "ಅರಗಿಗೆ ಮಡಿ ಮಾಡೀನಲ್ಲೇ."

ನಾನು ನಗಬಾರದೆಂದು ಬೀದಿಯ ಕಡೆ ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಅವರೇ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಕಣ್ಣಲ್ಲಿ ನೀರಿತ್ತು, ಅದು ಯಾವುದರದೆಂದು ನಾನು ಕೇಳಲಿಲ್ಲ.

"ಈಗ ಬೆಳ್ಳಿ ಬೆಸುಗೇನೇ ಹಾಕಿಕೊಡ್ತೀನಿ ಬಿಡ್ರಿ," ಎಂದ ಕಾಳಾಚಾರಿ. "ಕುದಿಯೋ ನೀರಿಗೆ ಹಾಕಿದ್ರೂ ಅಲ್ಲಾಡಲ್ಲ."

"ಒಳಗೆ ಬೆರಳು ಹೋಗ್ತದಾ?"

"ಮೂಗಿನಾಗೆ ಬೆರಳು ಹೆಂಗೆ ಹೋಗ್ತದವ್ವ?"

"ಹಂಗಾರೆ ಕೊಯ್ಯಿ."

ಕಾಳಾಚಾರಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಮೂಗು ಕೊಯ್ದ. ತೂತು ಮುಚ್ಚಿ ಅಂಚು ಉಜ್ಜಿದ. ಒಳಲೆ ಒಂದು ಮೊಂಡು ಬಟ್ಟಲಾಯಿತು. ಬರುತ್ತ ಪಾತ್ರೆ ಅಂಗಡಿಯಲ್ಲಿ ಅವರು ಒಂದು ಸ್ಟೀಲಿನ ಚಮಚ ಕೊಂಡರು. ಹತ್ತು ಚಮಚಗಳ ಅಂಚನ್ನು ನಾಲಿಗೆಯ ಮೇಲೆ ಎಳೆದು ನೋಡಿ ಹನ್ನೊಂದನೆಯದನ್ನು ಆರಿಸಿದರು. ಅಂಗಡಿಯವನು ಉಳಿದ ಹತ್ತನ್ನು ತೊಳೆಯಬೇಕಾಯಿತು.

ಆದರೆ ಬೀದಿಗೆ ಏನೆಂದು ಹೇಳುವುದು? ಮೊದಮೊದಲು ಒಳಲೆ ಕೇಳಿಕೊಂಡು ಬಂದವರಿಗೆಲ್ಲ ಅದು ಪಾಲಿಶ್‌ಗೆ ಹೋಗಿದೆ ಎಂದರು. ಅಷ್ಟು ದಿನ ಪಾಲಿಶ್ ಆದರೆ ಬೆಳ್ಳಿಯೇ ಸವೆದುಹೋಗುತ್ತದಲ್ಲ ಎಂದು ಸೋಮಶೇಖರಪ್ಪನವರು ಆ ವರ್ಷದ ತಮ್ಮ ಒಂದು ಮಾತನ್ನು ಖರ್ಚು ಮಾಡಿದರು. ಆಮೇಲೆ ಹಿಂದಿನ ಹಟ್ಟಿಯಿಂದ ಕೂಲಿಯ ಬೋರಯ್ಯನ ಹೆಂಡತಿ ಪಾಲಮ್ಮ ಬಂದಳು. ಮಗಳಿಗೆ ಹೆರಿಗೆಯಾಗಿದೆ, ಎಂದಳು. ತಿಂಗಳು ತುಂಬಿಲ್ಲ. ಕೂಸು ಅಳಿಲುಮರಿಯಷ್ಟಿದೆ, ಚೀಪಲು ಬರುತ್ತಿಲ್ಲ.

ದ್ರಾಕ್ಷಾಯಣಮ್ಮನವರು ಪಾಲಿಶ್‌ನ ಮಾತೆತ್ತಲಿಲ್ಲ. ಒಲೆ ಹಚ್ಚಿ ನೀರಿಟ್ಟರು. ಮೂಗಿಲ್ಲದ ಬಟ್ಟಲನ್ನೂ ಚಮಚವನ್ನೂ ಅದರಲ್ಲಿ ಮುಳುಗಿಸಿದರು. ಪಾಲಮ್ಮ ಬಾಯಿ ತೆರೆದು ನೋಡಿದಳು.

"ಅವ್ವಾರೆ, ಗುಣ ಹೋಗಲ್ವೇನ್ರಿ?"

"ಹೋಗಲಿ," ಎಂದರು. "ಅದರ ಗುಣ ನನ್ನ ಮೊಮ್ಮಗಳ್ನ ಎರಡು ಸಲ ದಾವಣಗೆರೆಗೆ ಕಳಿಸ್ತು." ನೀರು ಕುದಿಯುವವರೆಗೆ ಕೂರಿಸಿಕೊಂಡು, ಏನೂ ಬಿಡದೆ ಎಲ್ಲವನ್ನೂ ಹೇಳಿದರು. ಆಮೇಲೆ ಪಾತ್ರೆಯನ್ನು ಮುಚ್ಚಿಕೊಂಡು ಹಟ್ಟಿಗೆ ತಾವೇ ನಡೆದರು. ಆ ಕೂಸನ್ನು ಆಸ್ಪತ್ರೆಗೆ ಸೇರಿಸದೆ ಮನೆಯಲ್ಲಿಟ್ಟುಕೊಂಡಿದ್ದಕ್ಕೆ ಬೋರಯ್ಯನಿಗೆ ಸಿಕ್ಕಿದ ಬೈಗುಳ ನಮ್ಮ ಬೀದಿಯವರೆಗೂ ಕೇಳಿಸಿತು. ಮಧ್ಯಾಹ್ನದ ದಾವಣಗೆರೆ ಬಸ್ಸಿಗೆ ತಾಯಿಯನ್ನೂ ಕೂಸನ್ನೂ ಹತ್ತಿಸಿದ್ದೂ ದ್ರಾಕ್ಷಾಯಣಮ್ಮನವರೇ.

ಅಲ್ಲಿಂದ ಕತೆ ಬೆಳೆಯಿತು. ಹೇಳಿದಂತೆಲ್ಲ ಆ ಕೆಂಪು ಚುಕ್ಕಿಗಳು ಸಾಸಿವೆಯಿಂದ ಕಡಲೆಗೆ, ಕಡಲೆಯಿಂದ ಶೇಂಗಾಬೀಜಕ್ಕೆ ದಪ್ಪವಾದವು. ಎರಡು ವರ್ಷ ಕಳೆಯುವುದರಲ್ಲಿ, ಒಳಲೆಯ ಮೇಲೆ ಮೊದಲು ಅನುಮಾನ ಬಂದದ್ದೇ ದ್ರಾಕ್ಷಾಯಣಮ್ಮನವರಿಗೆ ಎಂದಾಗಿತ್ತು. ಬಸವಲಿಂಗಮ್ಮನವರು ಒಮ್ಮೆ ಚಳ್ಳಕೆರೆಗೆ ಬಂದಾಗ ಈ ಆವೃತ್ತಿಯನ್ನು ಪೂರ್ತಿ ಕೇಳಿಸಿಕೊಂಡರು.

"ವದಿನಾ, ಡಾಕ್ಟ್ರು ಕೇಳಿದ್ರು, ನೀವು ವಾರ್ಡಿನ ಮಕ್ಕಳಿಗೆ ಹಾಕ್ರಿ ಅಂತ ಕೊಟ್ರಿ. ನಾನೂ ಅಲ್ಲೇ ಇದ್ದೆ."

"ಕೊಟ್ಟಿದ್ದು ಯಾರು?"

"ನೀವೇ."

"ಹಂಗಾರೆ ಎಲೆ ಹಾಕ್ಕೊಂಡು ಸುಮ್ಕಿರ್ರಿ."

ಮೊಮ್ಮಗಳಿಗೆ ಈಗ ಐದು ತುಂಬಿದೆ. ಬೇಸಿಗೆ ರಜಕ್ಕೆ ಬಂದಾಗ ಗೋಡೆಯಾಚೆಯಿಂದ ಅವಳ ದನಿ ನಮ್ಮ ಮನೆಯ ಗಡಿಯಾರವನ್ನೂ ಮೀರಿಸುತ್ತದೆ. ಮೊನ್ನೆ ಓಡಾಡಿ ಬಂದವಳು, ಕೈಗೆ ಸಿಕ್ಕಿತೆಂದು ಆ ಮೊಂಡು ಬಟ್ಟಲಲ್ಲೇ ಕೊಡದ ನೀರು ಮೊಗೆದು ಬಾಯಿಗಿಡಲು ಹೋದಳು. ದ್ರಾಕ್ಷಾಯಣಮ್ಮನವರು ಕಸಿದುಕೊಂಡರು.

"ಅಜ್ಜಿ, ನನಗೆ ಏನೂ ಆಗಲ್ಲ. ಡಾಕ್ಟರಾಂಟಿ ಹೇಳ್ಯಾರೆ, ನಾನು ಗಟ್ಟಿ ಅಂತ."

"ಆಗಲ್ಲ ಅಂತ ನನಗೂ ಗೊತ್ತೈತೆ," ಎಂದರು ಅಜ್ಜಿ, ಒಲೆಯ ಕಡೆ ತಿರುಗುತ್ತ. "ಕೂತ್ಕೋ. ನೀರು ಕುದೀಲಿ."